ಅಜ್ಜಿಯ ಪವನಿನ ಸರ ಮತ್ತು ಆರೂವರೆ ಕೋಟಿಯ ನಾಣ್ಯ

ಓದುಗರ ಪತ್ರ: ನಮ್ಮ ಅಜ್ಜಿ ಹೋದ ವರ್ಷ ತೀರಿಕೊಂಡರು. ಅವರ ಪವನಿನ ಸರದಲ್ಲಿ 21 ನಾಣ್ಯಗಳಿವೆ. ಆರರಲ್ಲಿ ವಿಕ್ಟೋರಿಯಾ ರಾಣಿ, ಐದರಲ್ಲಿ ಏಳನೇ ಎಡ್ವರ್ಡ್, ಉಳಿದ ಹತ್ತರಲ್ಲಿ ಐದನೇ ಜಾರ್ಜ್. ಎರಡರ ಮೇಲೆ 1917 ಎಂದಿದೆ. 1918ರ ಒಂದರಲ್ಲಿ ಇಸವಿಯ ಮೇಲ್ಗಡೆ ಇಂಗ್ಲಿಷಿನ ಸಣ್ಣ 'ಐ' ಅಕ್ಷರವಿದೆ. ನಾವು ನಾಲ್ವರು ಮೊಮ್ಮಕ್ಕಳು. ಕರಗಿಸಿ ಸಮನಾಗಿ ಹಂಚಿಕೊಳ್ಳೋಣ ಅನ್ನುತ್ತಾನೆ ಅಣ್ಣ. ಆದರೆ ಇಂಗ್ಲೆಂಡಿನ ಹಳೇ ಚಿನ್ನದ ನಾಣ್ಯವೊಂದು ಆರೂವರೆ ಕೋಟಿಗೆ ಮಾರಾಟವಾಯಿತಂತೆ. ಒಂದೇ ದೇಶದ ನಾಣ್ಯಗಳು, ಎರಡೂ ಚಿನ್ನವೇ. ಒಂದಕ್ಕೆ ಕೋಟಿ, ಇನ್ನೊಂದಕ್ಕೆ ಬರೀ ತೂಕದ ಬೆಲೆ ಯಾಕೆ?
- ಕುಂದಾಪುರ ಕಡೆಯ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಅಣ್ಣನಿಗೆ ಫೋನ್ ಮಾಡಿ, ಈ ಉತ್ತರ ಪೂರ್ತಿ ಓದುವವರೆಗೆ ಸರವನ್ನು ಅಕ್ಕಸಾಲಿಗರ ಹತ್ತಿರ ಒಯ್ಯಬೇಡ ಎಂದು ಹೇಳಿ. ನಮ್ಮ ಮನೆಯಲ್ಲೂ ಇಂಥದ್ದೊಂದು ಸರ ಇತ್ತು. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಕರಗಿಸಿ ಬಳೆ ಮಾಡಿಸಿದರು. ಅದರಲ್ಲಿ ಯಾವ ಇಸವಿಯ ನಾಣ್ಯಗಳಿದ್ದವು ಎಂದು ಒಬ್ಬರೂ ನೋಡಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಹೇಳಿದ ಆರೂವರೆ ಕೋಟಿಯ ಸುದ್ದಿ ನಿಜ. ಅದು ಇಂಗ್ಲೆಂಡಿನ ದೊರೆ ಮೂರನೇ ಹೆನ್ರಿ 1257ರಲ್ಲಿ ಹೊರಡಿಸಿದ ಚಿನ್ನದ ಪೆನ್ನಿ. 2021ರಲ್ಲಿ ಡೆವನ್ ಜಿಲ್ಲೆಯ ಹೆಮಿಯಾಕ್ ಎಂಬ ಊರಿನ ಹೊಲದಲ್ಲಿ ಒಬ್ಬರು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವಾಗ ಸಿಕ್ಕಿತು. ಸಿಕ್ಕವರಿಗೆ ಅದು ಏನೆಂದು ಗೊತ್ತಾಗಲಿಲ್ಲ. ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದರು, ಅಲ್ಲಿ ನಾಣ್ಯ ಬಲ್ಲವರ ಕಣ್ಣಿಗೆ ಬಿತ್ತು. 2022ರ ಜನವರಿಯಲ್ಲಿ ಲಂಡನ್ನಿನ ಸ್ಪಿಂಕ್ ಸಂಸ್ಥೆಯ ಹರಾಜಿನಲ್ಲಿ ಶುಲ್ಕವೆಲ್ಲ ಸೇರಿ 6,48,000 ಪೌಂಡ್‌ಗೆ ಹೋಯಿತು.

ಇಷ್ಟು ಬೆಲೆ ಯಾಕೆ ಬಂತು? ತೂಕ ನೋಡಿದರೆ ಅದು ನಿಮ್ಮ ಅಜ್ಜಿಯ ಒಂದು ಪವನಿನ ಅರ್ಧವೂ ಇಲ್ಲ, ಮೂರು ಗ್ರಾಂ ಒಳಗೆ. ಬರೀ ಹಳೇದು ಎಂದೂ ಅಲ್ಲ. ರೋಮನ್ನರ ಕಾಲದ ತಾಮ್ರದ ಕಾಸುಗಳು ಅದಕ್ಕಿಂತ ಸಾವಿರ ವರ್ಷ ಹಳೆಯವು, ಊಟದ ದುಡ್ಡಿಗೆ ಸಿಗುತ್ತವೆ. ಬೆಲೆ ಬಂದದ್ದು ಆ ನಾಣ್ಯ ಸೋತದ್ದರಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ಹೆನ್ರಿಯ ನಾಣ್ಯದ ತೂಕ ಎರಡು ಬೆಳ್ಳಿ ಪೆನ್ನಿಯಷ್ಟು. ಅದಕ್ಕೆ ಅವನು ಇಟ್ಟ ಬೆಲೆ 20 ಪೆನ್ನಿ. ಅಂದರೆ ಚಿನ್ನಕ್ಕೆ ಬೆಳ್ಳಿಯ ಹತ್ತು ಪಟ್ಟು ಬೆಲೆ ಎಂದು ಲೆಕ್ಕ ಹಾಕಿದ. ಪೇಟೆಯಲ್ಲಿ ಚಿನ್ನ ಅದಕ್ಕಿಂತ ದುಬಾರಿಯಾಗಿತ್ತು. ಈಗ ನೀವೇ ಯೋಚಿಸಿ, ಕೈಯಲ್ಲಿರುವ ನಾಣ್ಯವನ್ನು ಅಂಗಡಿಯಲ್ಲಿ ಕೊಟ್ಟರೆ 20 ಪೆನ್ನಿ, ಕರಗಿಸಿ ಚಿನ್ನವಾಗಿ ಮಾರಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ ಎಂದಾದರೆ ಯಾರು ನಾಣ್ಯವಾಗಿ ಇಟ್ಟುಕೊಳ್ಳುತ್ತಾರೆ? ಲಂಡನ್ನಿನ ವರ್ತಕರಿಗೂ ಅದು ಬೇಡವಾಗಿತ್ತು. ಆಮೇಲೆ ಬೆಲೆಯನ್ನು 24 ಪೆನ್ನಿಗೆ ಏರಿಸಿದರೂ ನಾಣ್ಯ ಉಳಿಯಲಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಮೂಸೆಗೆ ಹೋದವು. ಇವತ್ತು ಜಗತ್ತಿನಲ್ಲಿ ಗೊತ್ತಿರುವುದು ಎಂಟು. ಅದರಲ್ಲೂ ಹೆಚ್ಚಿನವು ಮ್ಯೂಸಿಯಂಗಳಲ್ಲಿವೆ, ಮಾರಾಟಕ್ಕೆ ಬರುವುದೇ ಇಲ್ಲ.

ಇದಾಗಿ ಸುಮಾರು 90 ವರ್ಷದ ಮೇಲೆ, 1344ರಲ್ಲಿ, ಮೂರನೇ ಎಡ್ವರ್ಡ್ ಮತ್ತೆ ಕೈಹಾಕಿದ. ಅವನದು ಉಲ್ಟಾ ತಪ್ಪು. ರಾಜ ಕುಳಿತಿರುವ, ಎರಡೂ ಬದಿಯಲ್ಲಿ ಚಿರತೆ ಇರುವ ಚಂದದ ನಾಣ್ಯ ಹೊರಡಿಸಿ 6 ಷಿಲಿಂಗ್ ಎಂದ (ಆಗ 12 ಪೆನ್ನಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್). ಅದರೊಳಗಿನ ಚಿನ್ನ ಅಷ್ಟು ಬೆಲೆಯದ್ದಾಗಿರಲಿಲ್ಲ. ವರ್ತಕರು ಮುಟ್ಟಲೇ ಇಲ್ಲ. ಜನವರಿಯಲ್ಲಿ ಹೊರಟದ್ದು ಆ ವರ್ಷದ ಮಳೆಗಾಲದೊಳಗೆ ವಾಪಸಾಯಿತು. 'ಡಬಲ್ ಲೆಪರ್ಡ್' ಎಂದು ಅದಕ್ಕೆ ಈಗಿನ ಹೆಸರು. 1857ರಲ್ಲಿ ಟೈನ್ ನದಿಯಲ್ಲಿ ಎರಡು ಸಿಕ್ಕವು, ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮೂರನೆಯದು ಸಿಕ್ಕಿ 2006ರಲ್ಲಿ ಹರಾಜಾದಾಗ 4,60,000 ಪೌಂಡ್ ಬಂತು.

ಅದೇ 1344ರಲ್ಲಿ ಎಡ್ವರ್ಡ್ ತಪ್ಪು ತಿದ್ದಿಕೊಂಡು 'ನೋಬಲ್' ಹೊರಡಿಸಿದ. ಹಡಗಿನಲ್ಲಿ ನಿಂತ ರಾಜನ ಚಿತ್ರ. ಬೆಲೆ 80 ಪೆನ್ನಿ, ಅಂದರೆ ಸರಿಯಾಗಿ ಪೌಂಡಿನ ಮೂರನೇ ಒಂದು ಭಾಗ. ಅದು ಓಡಿತು. ಯುರೋಪಿನ ವರ್ತಕರೂ ಇಷ್ಟಪಟ್ಟು ಇಟ್ಟುಕೊಂಡರು. ಚೆನ್ನಾಗಿ ಓಡಿದ್ದರಿಂದ ತುಂಬ ಅಚ್ಚಾದವು, ತುಂಬ ಉಳಿದವು. ಹಾಗಾಗಿ ಅಷ್ಟೇ ಹಳೆಯ ನೋಬಲ್ ಇವತ್ತು ಲೆಪರ್ಡಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ನಾನು ಈ ವಿಷಯ ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ. ಒಬ್ಬನೇ ರಾಜ, ಒಂದೇ ವರ್ಷ, ಒಂದೇ ಲೋಹ. ಜನ ಬೇಡ ಅಂದದ್ದಕ್ಕೆ ಈಗ ಕೋಟಿ, ಜನ ಬೇಕು ಅಂದದ್ದಕ್ಕೆ ಅದರ ಸಣ್ಣ ಪಾಲು.

ಇನ್ನು ಗಿನಿ. ನಮ್ಮಲ್ಲಿ 'ಗಿನಿ ಚಿನ್ನ' ಎಂಬ ಮಾತಿದೆಯಲ್ಲ, ಆ ಹೆಸರಿನ ಮೂಲ ಇದೇ. 1663ರಲ್ಲಿ ಎರಡನೇ ಚಾರ್ಲ್ಸ್ ಕಾಲದಲ್ಲಿ ಯಂತ್ರದ ಅಚ್ಚಿನಲ್ಲಿ ಹೊರಟ ನಾಣ್ಯ. ಆಫ್ರಿಕಾದ ಗಿನಿ ಕರಾವಳಿಯ ಚಿನ್ನದಿಂದ ಆ ಹೆಸರು ಬಂತು. ಆ ಚಿನ್ನ ತಂದ ಕಂಪನಿಯ ಗುರುತಾಗಿ ಕೆಲವು ಗಿನಿಗಳ ಮೇಲೆ ಸಣ್ಣ ಆನೆಯ ಚಿತ್ರವಿದೆ. ಅದೇ ಕಂಪನಿ ಗುಲಾಮರ ವ್ಯಾಪಾರವನ್ನೂ ಮಾಡುತ್ತಿತ್ತು, ಅದನ್ನು ಮರೆತು ಆ ಆನೆಯನ್ನು ಚಂದ ಎಂದು ನೋಡಲು ನನಗೆ ಆಗುವುದಿಲ್ಲ. ಎರಡನೇ ಜಾರ್ಜ್ ಕಾಲದ ಕೆಲವು ಗಿನಿಗಳಲ್ಲಿ ರಾಜನ ತಲೆಯ ಕೆಳಗೆ 'ಇ.ಐ.ಸಿ.' ಎಂದಿದೆ. ನಮ್ಮನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿಯೇ ಅದು, ಅವರು ಒದಗಿಸಿದ ಚಿನ್ನ.

ಗಿನಿಯ ಬೆಲೆ ನಿಂತಲ್ಲಿ ನಿಲ್ಲಲಿಲ್ಲ. 20 ಷಿಲಿಂಗ್ ಎಂದು ಹೊರಟದ್ದು, ಜನ ಬೆಳ್ಳಿ ನಾಣ್ಯದ ಅಂಚು ಕತ್ತರಿಸಿ ಕದಿಯುತ್ತಿದ್ದ ಕಾಲದಲ್ಲಿ, ಬೆಳ್ಳಿಯ ಮೇಲೆ ನಂಬಿಕೆ ಹೋಗಿ 1695ರ ಹೊತ್ತಿಗೆ 30 ಷಿಲಿಂಗ್‌ವರೆಗೆ ಏರಿತು. ಆಮೇಲೆ ಬೆಳ್ಳಿ ನಾಣ್ಯಗಳನ್ನೆಲ್ಲ ವಾಪಸು ಪಡೆದು ಹೊಸದಾಗಿ ಅಚ್ಚು ಹಾಕಿದರು. ಆಗ ಟಂಕಸಾಲೆಗೆ ಬಂದವರು ಗುರುತ್ವಾಕರ್ಷಣೆಯ ಐಸಾಕ್ ನ್ಯೂಟನ್. ಅವರು ಟಂಕಸಾಲೆಯ ಮುಖ್ಯಸ್ಥರಾಗಿದ್ದಾಗಲೇ 1717ರಲ್ಲಿ ಗಿನಿಗೆ 21 ಷಿಲಿಂಗ್ ಎಂದು ಗೊತ್ತುಮಾಡಲಾಯಿತು. ನೆಪೋಲಿಯನ್ ಯುದ್ಧದ ಕಾಲ ಬಿಟ್ಟರೆ, ಇಂಗ್ಲೆಂಡಿನಲ್ಲಿ ಚಿನ್ನದ ದರ ಹೆಚ್ಚುಕಮ್ಮಿ 200 ವರ್ಷ ಅಲ್ಲೇ ನಿಂತಿತ್ತು. ಬೆಳಿಗ್ಗೆ ಎದ್ದು ಪೇಪರಿನಲ್ಲಿ ಚಿನಿವಾರ ಪೇಟೆಯ ದರ ನೋಡುವ ನಮಗೆ ಇದು ನಂಬಲೂ ಕಷ್ಟ, ಅಲ್ವಾ?

ಗಿನಿಗಳಲ್ಲೇ ಅಪರೂಪದ್ದೆಂದರೆ 1703ರ ಐದು ಗಿನಿಯ ನಾಣ್ಯ. ಆ್ಯನ್ ರಾಣಿಯ ಚಿತ್ರದ ಕೆಳಗೆ 'ವಿಗೊ' ಎಂದು ಬರೆದಿದೆ. ಹಿಂದಿನ ವರ್ಷ ಸ್ಪೇನಿನ ವಿಗೊ ಕೊಲ್ಲಿಯಲ್ಲಿ ಇಂಗ್ಲಿಷರು ಮತ್ತು ಡಚ್ಚರು ಸ್ಪೇನಿನ ನಿಧಿಯ ಹಡಗುಗಳ ಮೇಲೆ ಬಿದ್ದರು. ಆದರೆ ಮುಖ್ಯ ಸರಕನ್ನು ಮೊದಲೇ ಇಳಿಸಿ ಸಾಗಿಸಿ ಆಗಿತ್ತು. ನ್ಯೂಟನ್ನರ ಕೈಗೆ ಬಂದು ಸೇರಿದ ಚಿನ್ನ ಬರೀ ಏಳೂವರೆ ಪೌಂಡ್ ತೂಕದಷ್ಟು. ಆದರೂ ಗೆಲುವು ದೊಡ್ಡದೆಂದು ತೋರಿಸಬೇಕಿತ್ತು, ಅದಕ್ಕೇ ನಾಣ್ಯದ ಮೇಲೆ ಊರಿನ ಹೆಸರು. ಹಾಗೆ ಅಚ್ಚಾದ ಐದು ಗಿನಿಯ ನಾಣ್ಯಗಳು ಒಟ್ಟು ಇಪ್ಪತ್ತರ ಒಳಗೆ ಎಂದು ಲೆಕ್ಕ.

ಈಗ ನಿಮ್ಮ ಸರಕ್ಕೆ ಬರುತ್ತೇನೆ.

ನಿಮ್ಮಲ್ಲಿರುವುದು ಸವರನ್, ನಿಮ್ಮ ಕಡೆಯ ಪವನು. ಈ ರೂಪದಲ್ಲಿ ಅದು ಶುರುವಾದದ್ದು 1817ರಲ್ಲಿ. ನಾಣ್ಯದ ಹಿಂಬದಿಯಲ್ಲಿರುವ ಕುದುರೆ ಸವಾರ ಸೇಂಟ್ ಜಾರ್ಜ್, ಕೆಳಗೆ ಬಿದ್ದಿರುವುದು ಡ್ರ್ಯಾಗನ್. ಚಿತ್ರ ಕೊರೆದವರು ಇಟಲಿಯ ಪಿಸ್ಟ್ರುಚಿ. ತೂಕ 7.98 ಗ್ರಾಂ, 22 ಕ್ಯಾರಟ್, ಅಪ್ಪಟ ಚಿನ್ನ 7.32 ಗ್ರಾಂ. ಪವನು ಎಂದರೆ 8 ಗ್ರಾಂ ಎಂದು ನಮ್ಮವರು ಲೆಕ್ಕ ಹಿಡಿಯುವುದು ಇದರಿಂದಲೇ. 1899ರಲ್ಲಿ ಭಾರತದಲ್ಲೂ ಇದು ಕಾನೂನುಬದ್ಧ ಹಣವಾಯಿತು, ಒಂದಕ್ಕೆ 15 ರೂಪಾಯಿ. ಆ ಲೆಕ್ಕದಲ್ಲಿ ಅಜ್ಜಿಯ 21 ನಾಣ್ಯಗಳಿಗೆ 315 ರೂಪಾಯಿ. ಇವತ್ತು ಎಷ್ಟು ಎಂದು ನೋಡಲು ಪೇಪರ್ ತೆಗೆದು ಗ್ರಾಮಿನ ದರಕ್ಕೆ ಗುಣಿಸಿ. ಇಂಗ್ಲೆಂಡಿನ ಕಾನೂನಿನಲ್ಲಿ ಮಾತ್ರ ಸವರನ್ನಿನ ಮುಖಬೆಲೆ ಈಗಲೂ ಅದೇ 1 ಪೌಂಡ್.

ಸವರನ್ ಗೆದ್ದ ನಾಣ್ಯ. ಕೋಟಿಗಟ್ಟಲೆ ಅಚ್ಚಾದವು, ಜಗತ್ತಿನ ಎಲ್ಲ ಕಡೆ ಓಡಿದವು, ನಮ್ಮ ಅಜ್ಜಿಯಂದಿರ ಕೊರಳಿಗೂ ಬಂದವು. ಹಾಗಾಗಿ ಹೆಚ್ಚಿನವಕ್ಕೆ ಚಿನ್ನದ ಬೆಲೆ, ಮೇಲೆ ಸ್ವಲ್ಪ. ಆದರೆ ಅದರಲ್ಲೂ ಕೆಲವು ಇಸವಿಗಳು ಬೇರೆ. 1819ರಲ್ಲಿ ಅಚ್ಚಾದದ್ದೇ 3,574, ಈಗ ಗೊತ್ತಿರುವುದು ಹತ್ತರಷ್ಟು. ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟುಹೋದದ್ದರಿಂದ ಅವನ ಸವರನ್ ಚಲಾವಣೆಗೇ ಬರಲಿಲ್ಲ. ಮಾದರಿಗೆಂದು ಮಾಡಿದ ಆರರಲ್ಲಿ ಒಂದು 2020ರಲ್ಲಿ 10 ಲಕ್ಷ ಪೌಂಡ್‌ಗೆ ಹೋಯಿತು. ಹಿಂದಿನ ರಾಜ ಒಂದು ಕಡೆಗೆ ಮುಖ ಮಾಡಿದ್ದರೆ ಮುಂದಿನವನು ಇನ್ನೊಂದು ಕಡೆಗೆ ಎಂಬ ರೂಢಿಯನ್ನೂ ಅವನು ಮುರಿದು, ಅಪ್ಪನ ಹಾಗೆಯೇ ಎಡಕ್ಕೆ ಮುಖ ಮಾಡಿದ.

ನಿಮ್ಮ 1917ರ ಎರಡನ್ನು ಲೆನ್ಸ್ ಹಿಡಿದು ನೋಡಿ. ಕುದುರೆಯ ಕಾಲ ಕೆಳಗೆ ನೆಲ ಇದೆಯಲ್ಲ, ಅಲ್ಲಿ ಇಸವಿಯ ಮೇಲೆ ಮಧ್ಯದಲ್ಲಿ ಸಣ್ಣ ಅಕ್ಷರ ಇರಬೇಕು. 'ಎಸ್' ಎಂದರೆ ಸಿಡ್ನಿ, 'ಎಂ' ಮೆಲ್ಬರ್ನ್, 'ಪಿ' ಪರ್ತ್, 'ಸಿ' ಕೆನಡಾದ ಒಟ್ಟಾವ. 1917ರ ಸಿಡ್ನಿ, ಪರ್ತ್ ನಾಣ್ಯಗಳು ಸಾಮಾನ್ಯ. ಅಕ್ಷರವೇ ಇಲ್ಲದಿದ್ದರೆ ಅದು ಲಂಡನ್ನಿನದು, ಅದು ಅಪರೂಪ. ಆ ವರ್ಷ ಲಂಡನ್ನಿನಲ್ಲಿ 10 ಲಕ್ಷಕ್ಕೂ ಮೇಲೆ ಅಚ್ಚಾದರೂ ಹೆಚ್ಚಿನವು ಯುದ್ಧದ ಸಾಲಕ್ಕೆಂದು ಅಮೆರಿಕಕ್ಕೆ ಹೋಗಿ ಅಲ್ಲಿ ಕರಗಿದವು. ಆದರೆ ಎಚ್ಚರ, 1917ರ ಲಂಡನ್ ನಾಣ್ಯದ ನಕಲಿಗಳೂ ಬಹಳ. ನಕಲಿ ಎಂದರೆ ಹಿತ್ತಾಳೆ ಎಂದುಕೊಳ್ಳಬೇಡಿ. 1950ರ ಸುಮಾರಿಗೆ ಇಟಲಿಯ ಮಿಲಾನಿನಲ್ಲಿ ಒಬ್ಬ ಸರಿಯಾದ ಚಿನ್ನದಲ್ಲೇ ಸವರನ್ ಅಚ್ಚು ಹಾಕುತ್ತಿದ್ದ. ಅದು ಈಗ ಚಲಾವಣೆಯ ಹಣವೇ ಅಲ್ಲ ಎಂದು ವಾದಿಸಿ, ಸ್ವಿಟ್ಜರ್‌ಲ್ಯಾಂಡಿನ ಕೋರ್ಟಿನಲ್ಲಿ ಗೆದ್ದೂ ಬಿಟ್ಟ. ಇಂಗ್ಲೆಂಡು 1957ರಲ್ಲಿ ಮತ್ತೆ ಸವರನ್ ಅಚ್ಚು ಹಾಕಲು ಶುರುಮಾಡಿದ್ದಕ್ಕೆ ಇಂಥ ನಕಲಿಗಳ ಕಾಟವೂ ಒಂದು ಕಾರಣ.

1918ರ 'ಐ' ಅಕ್ಷರದ್ದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 'ಐ' ಅಂದರೆ ಇಂಡಿಯಾ. ಮೊದಲ ಮಹಾಯುದ್ಧದಲ್ಲಿ ಚಿನ್ನವನ್ನು ಹಡಗಿನಲ್ಲಿ ಸಾಗಿಸುವುದು ಅಪಾಯವಾಗಿತ್ತು. ಅದಕ್ಕೆ ಲಂಡನ್ ಟಂಕಸಾಲೆಯ ಶಾಖೆಯೊಂದನ್ನು ಮುಂಬಯಿಯಲ್ಲೇ ತೆರೆದರು. 1918ರ ಇಸವಿ ಹೊತ್ತ 12,95,372 ಸವರನ್‌ಗಳು ಅಲ್ಲಿ ಅಚ್ಚಾದವು. 1919ರಲ್ಲಿ ಶಾಖೆ ಮುಚ್ಚಿತು. ಆಮೇಲೆ ನಮ್ಮ ದೇಶದಲ್ಲಿ ಸವರನ್ ಅಚ್ಚಾದದ್ದು 2013ರಲ್ಲಿ, ಪರವಾನಗಿ ಪಡೆದ ಕಂಪನಿಯಿಂದ. ಇದಕ್ಕೆ ಕೋಟಿ ಬರುವುದಿಲ್ಲ, ಸಂಖ್ಯೆ ಜಾಸ್ತಿ ಇದೆ. ಚಿನ್ನದ ಬೆಲೆಗಿಂತ ಒಂದಿಷ್ಟು ಮೇಲೆ ಸಿಗಬಹುದು. ಆದರೂ ಒಂದೇ ವರ್ಷದ ಈ ಗುರುತನ್ನು ಮೂಸೆಗೆ ಹಾಕಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಕಹಿಯಾದ ಒಂದು ಮಾತನ್ನೂ ಹೇಳಬೇಕು. ಸರದ ನಾಣ್ಯಕ್ಕೆ ಕೊಂಡಿ ಬೆಸೆದಿರುತ್ತಾರೆ, ಇಲ್ಲವೇ ತೂತು ಹಾಕಿರುತ್ತಾರೆ. ಸಂಗ್ರಹಕಾರರ ಕಣ್ಣಲ್ಲಿ ಅದು ಗಾಯವಾದ ನಾಣ್ಯ. ಅಪರೂಪದ ಇಸವಿಯಾದರೂ ಬೆಲೆ ತುಂಬ ಇಳಿಯುತ್ತದೆ. ಕೊಂಡಿ ತೆಗೆಸಿದರೆ ಸರಿಹೋಗುವುದಿಲ್ಲ, ಗುರುತು ಉಳಿಯುತ್ತದೆ. ಹುಣಸೆಹಣ್ಣು, ಅಂಟುವಾಳ, ಪಾಲಿಶ್ ಯಾವುದನ್ನೂ ಹಾಕಿ ಉಜ್ಜಬೇಡಿ. ಹೊಳಪು ಬಂದಷ್ಟೂ ಬೆಲೆ ಹೋಗುತ್ತದೆ.

ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹಾಗಾಗಿ ಲಂಡನ್ನಿನ ಹರಾಜಿನ ಆಸೆ ಬಿಡಿ. ಫೋನ್ ಮಾಡಿ "ನಿಮ್ಮ ನಾಣ್ಯಕ್ಕೆ ಇಷ್ಟು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹೀಗೆ ಮೋಸ ಮಾಡುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಇನ್ನು ಹಂಚಿಕೆ. ಕರಗಿಸುವ ಅಗತ್ಯವೇ ಇಲ್ಲ, ನಾಣ್ಯಗಳು ಆಗಲೇ ಸಮನಾದ ತುಂಡುಗಳು. ತಲಾ ಐದು ಬರುತ್ತದೆ, ಒಂದು ಉಳಿಯುತ್ತದೆ. ಆ ಒಂದು ಮುಂಬಯಿಯ 1918ರದ್ದಾಗಿರಲಿ, ನಾಲ್ವರ ಹೆಸರಿನಲ್ಲೂ ಒಟ್ಟಿಗೆ ಇಟ್ಟುಕೊಳ್ಳಿ. ಹಂಚುವ ಮೊದಲು ಎಲ್ಲದರ ಎರಡೂ ಬದಿಯ ಫೋಟೊ ತೆಗೆದು, ಇಸವಿ ಮತ್ತು ಅಕ್ಷರವನ್ನು ಒಂದು ಹಾಳೆಯಲ್ಲಿ ಬರೆದಿಡಿ. 1917ರ ಎರಡರ ಫೋಟೊವನ್ನು ನನಗೂ ಕಳಿಸಿ. ಕುದುರೆಯ ಕಾಲ ಕೆಳಗಿನ ನೆಲ ಸ್ಪಷ್ಟವಾಗಿ ಕಾಣಬೇಕು, ಹಗಲು ಬೆಳಕಿನಲ್ಲಿ ತೆಗೆಯಿರಿ.