ತೂಕ ಹೆಚ್ಚಿಲ್ಲದಿದ್ದರೂ ಹೃದಯದ ಮೇಲೆ ಕೊಬ್ಬು ಏಕೆ?

ಪ್ರಶ್ನೆ: ನನಗೆ 52 ವರ್ಷ. ತೀರ್ಥಹಳ್ಳಿ ಸಮೀಪ ಅಡಿಕೆ ತೋಟವಿದೆ. ಎತ್ತರ 165 ಸೆಂ.ಮೀ., ತೂಕ 62 ಕೆ.ಜಿ., ಸೊಂಟದ ಸುತ್ತಳತೆ 94 ಸೆಂ.ಮೀ. ಶಿವಮೊಗ್ಗದಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿದಾಗ ಪಂಪಿಂಗ್ ಸರಿಯಿದೆ, ಆದರೆ ಹೃದಯದ ಮೇಲೆ 7 ಮಿ.ಮೀ. ಕೊಬ್ಬಿದೆ ಎಂದು ವರದಿ ಬಂದಿದೆ. ಇದನ್ನೇ ಬ್ಲಾಕ್ ಎನ್ನುವುದೇ? ತುಪ್ಪ ಬಿಟ್ಟರೆ ಕರಗುತ್ತದೆಯೇ?

ಉತ್ತರ: ಇದು ಬ್ಲಾಕ್ ಅಲ್ಲ. ಬ್ಲಾಕ್ ಆಗುವುದು ರಕ್ತನಾಳದ ಒಳಗೋಡೆಯಲ್ಲಿ; ನಿಮ್ಮ ವರದಿಯಲ್ಲಿರುವುದು ಹೃದಯದ ಸ್ನಾಯು ಮತ್ತು ಅದರ ಹೊರಪೊರೆಯ ನಡುವೆ ಇರುವ ಎಪಿಕಾರ್ಡಿಯಲ್ ಕೊಬ್ಬು. ಇದು ಎಲ್ಲರಲ್ಲಿಯೂ ಇರುತ್ತದೆ. ಹದವಾಗಿದ್ದಾಗ ಅದು ಹೃದಯಕ್ಕೆ ಮೆತ್ತೆಯಂತೆ ಒದಗಿ, ಸ್ನಾಯುವಿಗೆ ಬೇಕಾದ ಇಂಧನವನ್ನೂ ಪೂರೈಸುತ್ತದೆ. ಎಕೋ ಪರದೆಯಲ್ಲಿ ಬಲ ಹೃತ್ಕುಕ್ಷಿಯ (ಹೃದಯದ ಬಲ ಕೆಳಕೋಣೆಯ) ಮುಂದೆ, ಪ್ರತಿ ಬಡಿತಕ್ಕೂ ಅಲುಗುವ ಮಸುಕು ಪಟ್ಟಿಯಾಗಿ ಕಾಣುವ ಇದನ್ನು ಸಾಮಾನ್ಯವಾಗಿ ಹೃದಯ ಪೂರ್ತಿ ಸಂಕುಚಿಸಿದ ಕ್ಷಣದಲ್ಲಿ ಅಳೆಯುತ್ತಾರೆ. ಅಳೆಯುವವರ ಕೈ, ಕೋನ ಬದಲಾದಂತೆ ಒಂದೆರಡು ಮಿ.ಮೀ. ವ್ಯತ್ಯಾಸ ಬರಬಹುದು, ಆದ್ದರಿಂದ 7 ಎಂಬ ಅಂಕಿಯೊಂದನ್ನೇ ಹಿಡಿದು ಭಯಪಡಬೇಡಿ.

ಆದರೂ ಇದನ್ನು ಕಡೆಗಣಿಸುವಂತಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ಧಮನಿಗಳು ಬಹುಪಾಲು ಈ ಕೊಬ್ಬಿನಲ್ಲಿಯೇ ಹುದುಗಿ ಸಾಗುತ್ತವೆ, ನಡುವೆ ಬೇರ್ಪಡಿಸುವ ಪೊರೆಯಿಲ್ಲ. ಕೊಬ್ಬು ಮಿತಿಮೀರಿ ಬೆಳೆದಾಗ ಅದರಿಂದ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಒಸರಿ, ನಾಳವನ್ನು ಕಾಪಾಡುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಒಸರಿದ್ದು ನೇರವಾಗಿ ಪಕ್ಕದ ನಾಳದ ಗೋಡೆಯನ್ನು ತಲುಪಬಲ್ಲದು. ಕೆಲವರಲ್ಲಿ ಧಮನಿಯ ಒಂದು ತುಂಡು ಕೊಬ್ಬನ್ನು ಬಿಟ್ಟು ಸ್ನಾಯುವಿನೊಳಗೆ ಹಾದುಹೋಗುತ್ತದೆ, ಆ ತುಂಡಿನಲ್ಲಿ ಸಾಮಾನ್ಯವಾಗಿ ಬ್ಲಾಕ್ ಕಾಣುವುದಿಲ್ಲ. ಇದಕ್ಕೆ ರಕ್ತದ ಹರಿವಿನಂಥ ಬೇರೆ ಕಾರಣಗಳೂ ಇವೆಯಾದರೂ, ನನ್ನ ಮಟ್ಟಿಗೆ ಇದು ಗಮನಾರ್ಹ ಸಂಗತಿ. ಅಮೆರಿಕದಲ್ಲಿ 2000ರಿಂದ 2002ರ ನಡುವೆ 6,814 ಜನರನ್ನು ಸೇರಿಸಿಕೊಂಡು ಆರಂಭವಾದ ಮೇಸಾ ಅಧ್ಯಯನದಲ್ಲಿಯೂ, ಹೃದಯದ ಸುತ್ತ ಕೊಬ್ಬು ಹೆಚ್ಚಿದ್ದವರಿಗೆ ಮುಂದೆ ಕರೋನರಿ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿರುವುದು ಕಂಡುಬಂದಿತು. ಹಾಗೆಂದು ಕೊಬ್ಬೊಂದೇ ಕಾಯಿಲೆಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ.

ನಿಮ್ಮ ತೂಕ ಹೆಚ್ಚಿಲ್ಲ, ನಿಜ. ಆದರೆ ಸೊಂಟವೇ ಉತ್ತರ ಹೇಳುತ್ತಿದೆ. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚೆಂದು ಎಣಿಸುತ್ತೇವೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ, ಮತ್ತು ಹೃದಯದ ಮೇಲಿನ ಕೊಬ್ಬು ಈ ಹೊಟ್ಟೆಯ ಕೊಬ್ಬಿನ ಜೊತೆಯಲ್ಲಿಯೇ ಏರುತ್ತದೆ, ಇಳಿಯುತ್ತದೆ.

ತುಪ್ಪದ ವಿಷಯ: ತಿಂದ ತುಪ್ಪ ನೇರವಾಗಿ ಹೃದಯಕ್ಕೆ ಹೋಗಿ ಅಂಟುವುದಿಲ್ಲ. ಅದು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಹೆಚ್ಚಿಸುವುದರಿಂದ ಮಿತವಾಗಿರಲಿ, ಆದರೆ ಮೂರು ಹೊತ್ತೂ ತಟ್ಟೆ ತುಂಬುವ ಅನ್ನ, ಕಡುಬು, ಅಕ್ಕಿರೊಟ್ಟಿ ಮತ್ತು ದಿನಕ್ಕೆ ಐದಾರು ಲೋಟ ಸಿಹಿ ಕಾಫಿಯ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ತೋಟದ ಓಡಾಟ ನಿಂತುಹೋಗುವುದರಿಂದ ಜಗಲಿಯಲ್ಲಾದರೂ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕವಳದಲ್ಲಿ ಹೊಗೆಸೊಪ್ಪು ಇದ್ದರೆ ಅದನ್ನು ಪೂರ್ತಿ ಬಿಡಿ, ಈ ಮಾತಿನಲ್ಲಿ ರಿಯಾಯಿತಿಯಿಲ್ಲ.

ಕೊಬ್ಬನ್ನು ಮತ್ತೆ ಮತ್ತೆ ಅಳೆಸುವುದಕ್ಕೆ ಖರ್ಚು ಮಾಡಬೇಡಿ. ಅದರ ಬದಲು ರಕ್ತದೊತ್ತಡ, ಎಲ್‌ಡಿಎಲ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ) ನೋಡಿಸಿ. ಇವು ಹೆಚ್ಚಿದ್ದಲ್ಲಿ ವೈದ್ಯರು ಬರೆದ ಮಾತ್ರೆಯನ್ನು ಕಷಾಯಕ್ಕೆ ಬದಲಾಯಿಸಬೇಡಿ. ಎಕೋ ಸರಿಯಿದ್ದ ಮಾತ್ರಕ್ಕೆ ಬ್ಲಾಕ್ ಇಲ್ಲವೆಂದಲ್ಲ. ತೋಟದ ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಸಡಿಲವಾಗುತ್ತಿದ್ದರೆ ಕೊನೆಕೊಯ್ಲು ಮುಗಿಯಲೆಂದು ಕಾಯದೆ ಹೃದ್ರೋಗ ತಜ್ಞರಿಗೆ ತೋರಿಸಿ. ಕುಳಿತಲ್ಲಿಯೇ ನೋವು ಬಂದು ಹತ್ತು ನಿಮಿಷವಾದರೂ ಬಿಡದಿದ್ದರೆ 108ಕ್ಕೆ ಕರೆ ಮಾಡಿ. ಬೈಕಿನಲ್ಲಿ ಒಬ್ಬರೇ ಘಟ್ಟದ ದಾರಿ ಹಿಡಿಯಬೇಡಿ.