ಬ್ಯಾಟರಿಯೇ ಇಲ್ಲದೆ ಮೈಮೇಲೆ ಧರಿಸುವ ಆರೋಗ್ಯ ಸಂವೇದಕಗಳು ಹೇಗೆ ಕೆಲಸ ಮಾಡುತ್ತವೆ?

ಇಂತಹ ಸಂವೇದಕಗಳು ತಮಗೆ ಬೇಕಾದ ಅತ್ಯಲ್ಪ ವಿದ್ಯುತ್ತನ್ನು ಧರಿಸಿದವರ ದೇಹದಿಂದಲೇ, ಇಲ್ಲವೇ ಹತ್ತಿರ ಹಿಡಿದ ಫೋನಿನಿಂದ ಪಡೆಯುತ್ತವೆ. ಚರ್ಮಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಉಷ್ಣವಿದ್ಯುತ್ ಪಟ್ಟಿಗಳು ವಿದ್ಯುತ್ತಾಗಿ ಬದಲಿಸುತ್ತವೆ. ಆದರೆ ಆ ವ್ಯತ್ಯಾಸದ ಬಹುಪಾಲು ತೆಳುವಾದ ಪಟ್ಟಿಯ ಎರಡು ಬದಿಗಳ ನಡುವೆ ಉಳಿಯದೆ ಹೊರಗಿನ ಗಾಳಿಯ ಪದರದಲ್ಲೇ ಕಳೆದುಹೋಗುವುದರಿಂದ, ದಕ್ಕುವುದು ಸಾಮಾನ್ಯವಾಗಿ ಮೈಕ್ರೋವಾಟ್‌ಗಳ ಲೆಕ್ಕದಲ್ಲಿ ಮಾತ್ರ. ಪಿವಿಡಿಎಫ್‌ನಂತಹ ಬಾಗುವ ಪಾಲಿಮರ್ ಹಾಳೆ ಒತ್ತಡಕ್ಕೆ ಸಿಕ್ಕಾಗ ವಿದ್ಯುದಾವೇಶವನ್ನು ಹುಟ್ಟಿಸುತ್ತದೆ. ನಾಡಿಬಡಿತದ ಮಟ್ಟಿಗೆ ಅದೇ ಹಾಳೆ ಸಂವೇದಕವೂ ಆಗುವುದು ಇದರ ಸೊಗಸು. ನನ್ನ ದೃಷ್ಟಿಯಲ್ಲಿ ಸದ್ಯಕ್ಕೆ ಹೆಚ್ಚು ನೆಚ್ಚಬಹುದಾದುದು 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ, ಅಂದರೆ ಅತಿ ಸಮೀಪದ ನಿಸ್ತಂತು ಸಂಪರ್ಕ: ಫೋನಿನ ಕಾಂತಕ್ಷೇತ್ರವು ಪಟ್ಟಿಯೊಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ, ಅದೇ ಕ್ಷೇತ್ರದ ಮೂಲಕ ಅಳತೆಯೂ ಮರಳುತ್ತದೆ. ಇದು ಕೆಲವೇ ಸೆಂಟಿಮೀಟರ್ ಅಂತರದ ಮಾತಾದ್ದರಿಂದ, ದಿನವಿಡೀ ನಿಗಾ ಬೇಕಾದಲ್ಲಿ ದೇಹದಿಂದ ಬಂದ ವಿದ್ಯುತ್ತನ್ನು ಕೆಪಾಸಿಟರಿನಲ್ಲಿ ಕೂಡಿಟ್ಟು, ಸಂವೇದಕವನ್ನು ಆಗಾಗ ಕ್ಷಣಕಾಲ ಮಾತ್ರ ಎಚ್ಚರಿಸಬೇಕಾಗುತ್ತದೆ.