ಮುಳ್ಳಿನ ಕಿರೀಟದಲ್ಲಿ ಮುಳ್ಳೇ ಯಾಕಿಲ್ಲ?

ನಮಸ್ಕಾರ. ಪ್ಯಾರಿಸ್‌ನ ದೊಡ್ಡ ಚರ್ಚು ನೋತ್ರ್ ದಾಮ್‌ನಲ್ಲಿ, ಶಿಲುಬೆಗೇರಿಸುವ ಮುನ್ನ ಯೇಸುವಿನ ತಲೆಗೆ ತೊಡಿಸಿದ್ದು ಎನ್ನುವ ಮುಳ್ಳಿನ ಕಿರೀಟ ನೋಡಿದೆ, ಅದರಲ್ಲಿ ಒಂದೂ ಮುಳ್ಳಿರಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ನೋಡಿದ್ದು ಸರಿಯಾಗಿಯೇ ಇದೆ. ಅಲ್ಲಿರುವುದು ಜೊಂಡು ಹುಲ್ಲಿನ ಬಳೆ ಮಾತ್ರ. ಅಗಲ ಸುಮಾರು 21 ಸೆಂಟಿಮೀಟರ್. ಚಿನ್ನದ ದಾರದಲ್ಲಿ ಕಟ್ಟಿ, ಸ್ಫಟಿಕದ ಕೊಳವೆಯೊಳಗೆ ಇಟ್ಟಿದ್ದಾರೆ. ಮುಳ್ಳುಗಳನ್ನು ಶತಮಾನಗಳ ಉದ್ದಕ್ಕೂ ರಾಜರು ಒಂದೊಂದಾಗಿ ಬೇರೆ ಚರ್ಚುಗಳಿಗೆ, ಅರಸರಿಗೆ ಕಾಣಿಕೆ ಕೊಟ್ಟುಬಿಟ್ಟರು.

ಕಿರೀಟ ಪ್ಯಾರಿಸ್‌ಗೆ ಬಂದ ಕಥೆ ನನಗೆ ತುಂಬಾ ಇಷ್ಟ. ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ದೊರೆ ಎರಡನೇ ಬಾಲ್ಡ್ವಿನ್‌ಗೆ ದುಡ್ಡಿನ ಕಷ್ಟ. ಕಿರೀಟ ವೆನಿಸ್‌ನ ವ್ಯಾಪಾರಿಗಳ ಹತ್ತಿರ ಸಾಲಕ್ಕೆ ಒತ್ತೆ ಬಿದ್ದಿತ್ತು. ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಆ ಸಾಲ ತೀರಿಸಿ 1239ರಲ್ಲಿ ತರಿಸಿಕೊಂಡ. ರಾಜನ ಉಡುಪು ಕಳಚಿ, ಬರಿಗಾಲಲ್ಲಿ ತಾನೇ ಹೊತ್ತು ನಡೆದ. ಅದನ್ನು ಇಡಲೆಂದೇ ಪ್ಯಾರಿಸ್‌ನಲ್ಲಿ ಸೇಂಟ್ ಶಾಪೆಲ್ ಎಂಬ ಪ್ರಾರ್ಥನಾ ಮಂದಿರ ಕಟ್ಟಿಸಿದ. ನೋತ್ರ್ ದಾಮ್‌ಗೆ ಬಂದದ್ದು 1806ರಲ್ಲಿ.

ನಿಜವಾದದ್ದೇನಾ ಅಂತಲೂ ಕೇಳಿದ್ದೀರಿ. ಜೆರುಸಲೇಮಿನಲ್ಲಿ ಅದಿತ್ತು ಎಂಬ ಮಾತು 5ನೇ ಶತಮಾನದ ಶುರುವಿನಿಂದ ಸಿಗುತ್ತದೆ. ಅದಕ್ಕೂ ಹಿಂದಿನ ನಾನೂರು ವರ್ಷಕ್ಕೆ ಪುರಾವೆ ಇಲ್ಲ. ಇದೇ ಅಸಲಿ ಅಂತ ಚರ್ಚ್ ಕೂಡ ಹಟ ಹಿಡಿಯುವುದಿಲ್ಲ. ಆದರೆ ಸರದಿಯಲ್ಲಿ ನಿಂತು ಕಿರೀಟದ ಮುಂದೆ ಒಬ್ಬೊಬ್ಬರಾಗಿ ತಲೆಬಾಗುವವರು ನೆನೆಯುವುದು ಯೇಸು ಪಟ್ಟ ನೋವನ್ನು ಅಲ್ವಾ? ಹುಲ್ಲಿನ ವಯಸ್ಸನ್ನಲ್ಲ. 2019ರ ಏಪ್ರಿಲ್ 15ರಂದು ನೋತ್ರ್ ದಾಮ್‌ಗೆ ಬಿದ್ದ ಬೆಂಕಿಯಲ್ಲಿ ಜನ ಜೀವದ ಹಂಗು ತೊರೆದು ಅದನ್ನು ಹೊರತಂದರು. 2024ರ ಡಿಸೆಂಬರ್ 13ರಂದು ಅದು ಮತ್ತೆ ತನ್ನ ಜಾಗಕ್ಕೆ ಮರಳಿತು.